ಬಲಗಡೆಯ ಕೊಕ್ಕೆ

ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಒಂದು ನಿಯಮವಿತ್ತು. ಹೊಸ ಬಂಪರ್ ಹಾಕಿಸಿಕೊಂಡ ಜೀಪು ಹೊರಗೆ ಹೋಗುವ ಮೊದಲು ಬಂಪರಿಗೆ ಬೆಸೆದ ಕೊಕ್ಕೆಗೆ ನೈಲಾನ್ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅಂಗಳದ ಕೊನೆಯ ಬಂಡೆಗೆ ಬಿಗಿದು, ಗಾಡಿಯನ್ನು ರಿವರ್ಸಿನಲ್ಲಿ ಎಳೆಸಬೇಕು. ಆಗ ಕೊಕ್ಕೆ ಬೆಸೆದವನು ಬಂಡೆಗೆ ಬೆನ್ನು ಕೊಟ್ಟು, ಹಗ್ಗಕ್ಕೆ ಎದುರಾಗಿ ನಿಲ್ಲಬೇಕು. ಬೆಸುಗೆ ಬಿಟ್ಟರೆ, ರಬ್ಬರಿನ ಹಾಗೆ ಹಿಗ್ಗಿರುವ ಹಗ್ಗ ಎರಡು ಕೇಜಿ ಕಬ್ಬಿಣವನ್ನು ಕವಣೆ ಕಲ್ಲಿನಂತೆ ಅವನ ಎದೆಗೇ ತಂದು ಬಡಿಯುತ್ತದೆ. "ನಿಲ್ಲೋ ಧೈರ್ಯ ಇಲ್ದೋನು ಬೆಸುಗೆ ರಾಡು ಮುಟ್ಟಬಾರ್ದು" ಎನ್ನುವುದು ಮೇಸ್ತ್ರಿಯ ಮಾತು. ಹುಚ್ಚು ನಿಯಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಟ್ಟ ಹತ್ತಿ ಹೊಳೆ ಹಾಯುವ ಗಾಡಿಯವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದದ್ದು ಈ ಹುಚ್ಚನ್ನು ನಂಬಿಯೇ.

ಮೂವತ್ತು ವರ್ಷದಲ್ಲಿ ಒಂದು ಕೊಕ್ಕೆಯೂ ಬಿಟ್ಟಿರಲಿಲ್ಲ. ಹಗ್ಗ ಬಿಗಿಯುವಾಗ ಮೇಸ್ತ್ರಿ ತಲೆ ವಾರೆ ಮಾಡಿ ಇಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತಿದ್ದರು. ಭಾರ ಬಿದ್ದು ಸದ್ದು ದಪ್ಪವಾದ ಕೂಡಲೇ "ಹಗ್ಗ ಬಿಗಿಯಾಯ್ತು, ಈಗ ಎಳಿ" ಎನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ಹಗ್ಗಕ್ಕೆ ಎದುರು ನಿಲ್ಲುವ ಅಪ್ಪನ ಚಾಳಿ ಮಗನಿಗೂ ಅಂಟಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಒಂದೂವರೆ ವರ್ಷದ ಹಿಂದೆ ಅಪ್ಪನ ಕೈಯಿಂದ ಬಂಪರ್ ಮಾಡಿಸಿಕೊಂಡ ಅವನು, ಗೆಳೆಯರ ಗಾಡಿಗಳು ಕೆಸರಲ್ಲೋ ಮರಳಲ್ಲೋ ಹೂತಾಗ ತನ್ನ ಜೀಪಿನಿಂದಲೇ ಎಳೆಸುತ್ತಿದ್ದ. ಸ್ಟಿಯರಿಂಗ್ ಗೆಳೆಯನ ಕೈಗೆ ಕೊಟ್ಟು, ತಾನು ಹಗ್ಗಕ್ಕೆ ಎದುರಾಗಿ ನಿಂತು ಕೈಸನ್ನೆ ಮಾಡುತ್ತಿದ್ದ. ಪಕ್ಕಕ್ಕೆ ನಿಲ್ಲೋ ಎಂದರೆ "ಅಪ್ಪನ ಕೊಕ್ಕೆ ಕಣ್ರೋ" ಎಂದು ನಗುತ್ತಿದ್ದ. ಅವತ್ತು ಬೆಳಿಗ್ಗೆ ಕೂಡ ಅದೇ ಜೀಪಿನಲ್ಲಿ ಗೆಳೆಯರ ಜೊತೆ ಒಣಹೊಳೆಯ ಕಡೆ ಹೋಗಿದ್ದ.

ಅಪ್ಪನ ಕಣ್ಣು ಮಂಜಾಗಿರುವುದು ಗೊತ್ತಿದ್ದವಳು ಮಗಳೊಬ್ಬಳೇ. ಗ್ರೈಂಡರ್ ಹಿಡಿದು ಬೆಸುಗೆ ನುಣುಪು ಮಾಡುವುದು, ಪ್ರೈಮರ್, ಬಣ್ಣ, ಸಣ್ಣಪುಟ್ಟ ಬೆಸುಗೆ, ಎಲ್ಲ ಅವಳ ಪಾಲಿನ ಕೆಲಸ. ಎಂಟು ತಿಂಗಳ ಹಿಂದೆ ಒಂದು ಕೊಕ್ಕೆಗೆ ಗ್ರೈಂಡರ್ ಇಟ್ಟಾಗ ಅದು ಅಲ್ಲಾಡಿತ್ತು. ಬಗ್ಗಿ ನೋಡಿದರೆ ಅಪ್ಪನ ಬೆಸುಗೆ ಕೊಕ್ಕೆ ಪ್ಲೇಟಿಗೆ ಕೂಡುವ ಸಂದಿಯಿಂದ ಅರ್ಧ ಬೆರಳು ಆಚೆಗೆ, ಬರೀ ಪ್ಲೇಟಿನ ಮೇಲೆ, ಇರುವೆ ಸಾಲಿನಂತೆ ಅಂದವಾಗಿ ಸಾಗಿತ್ತು; ಕೊಕ್ಕೆ ನಿಂತಿದ್ದದ್ದು ಒಂದೆರಡು ಚುಕ್ಕೆ ಬೆಸುಗೆಯ ಮೇಲಷ್ಟೆ. ಕಣ್ಣಿನ ಮಾತೆತ್ತಿದರೆ ಅಪ್ಪ ಮೂರು ದಿನ ಊಟ ಬಿಡುವ ಆಸಾಮಿ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅವತ್ತಿನಿಂದ, ಊಟವಾದ ಮೇಲೆ ಅಪ್ಪ ಹಳೇ ಜೀಪಿನ ಸೀಟಿನ ಮೇಲೆ ಒಂದು ಗಂಟೆ ಮಲಗುವಾಗ, ಅವರ ಬೆಸುಗೆಯನ್ನು ಕತ್ತರಿಸಿ ತೆಗೆದು ತಾನೇ ಹೊಸದಾಗಿ ಬೆಸೆಯುತ್ತಿದ್ದಳು. ಎದ್ದು ಬಂದ ಅಪ್ಪ ಹೆಬ್ಬೆರಳಿನಿಂದ ಸವರಿ ನೋಡಿ "ಕೈ ಇನ್ನೂ ಸೋತಿಲ್ಲ ಕಣೇ" ಎನ್ನುತ್ತಿದ್ದರು. ಅವಳಿಗೆ ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಅವತ್ತು ಗ್ರೈಂಡಿಂಗ್ ಡಿಸ್ಕ್ ತರುತ್ತೇನೆಂದು ಸುಳ್ಳು ಹೇಳಿ ಅವಳು ಹೋಗಿದ್ದು ಕಣ್ಣಾಸ್ಪತ್ರೆಗೆ. ಆಪರೇಷನ್ನಿಗೆ ಒಂದು ದಿನ ಗೊತ್ತು ಮಾಡಿಕೊಂಡು, ಆಮೇಲೆ ಹೇಗಾದರೂ ಒಪ್ಪಿಸಿದರಾಯಿತು ಅಂತ. ಬಸ್ಸು ಕೈಕೊಟ್ಟಿತು. ಅಪ್ಪನ ನಿದ್ದೆಯ ಹೊತ್ತಿಗೆ ವಾಪಸ್ಸು ಬರಬೇಕಾದವಳು ಬಂದಾಗ ಮೂರೂವರೆ. ಗಡ್ಡದ ಗಿರಾಕಿ ಅವಸರ ಮಾಡಿದನೆಂದು ಅಪ್ಪ ಅವತ್ತು ಮಲಗಿರಲೇ ಇಲ್ಲ. ಅವನ ಬಂಪರಿನ ಎಡಗಡೆಯ ಕೊಕ್ಕೆ ನಿನ್ನೆಯದು, ಅವಳು ಸರಿಮಾಡಿದ್ದು. ಬಲಗಡೆಯದು ಇವತ್ತಿನದು. ಎರಡಕ್ಕೂ ಅಪ್ಪನೇ ಕಪ್ಪು ಬಣ್ಣ ಹೊಡೆದಿದ್ದರು. ಬಂಪರ್ ಗಾಡಿಗೆ ಕೂತಾಗಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಕಪ್ಪಗೆ ಮಿಂಚುವುದೆಲ್ಲ ಗಟ್ಟಿಯೂ ಅಲ್ಲ. ಆ ಬಣ್ಣದಡಿ ಏನಿದೆ ಎಂದು ನೋಡಿ ಹೇಳುವ ಹಾಗೇ ಇರಲಿಲ್ಲ.

ಹಗ್ಗ ಬಲಗಡೆಯ ಕೊಕ್ಕೆಗೆ ಬಿದ್ದಿತ್ತು. ಗಡ್ಡದವನು ಸ್ಟಿಯರಿಂಗ್ ಹಿಡಿದು ಕೂತಿದ್ದ. ಅಪ್ಪ ಬಂಡೆಯ ಮುಂದೆ, ಎರಡೂ ಕೈ ಬೆನ್ನಿಗೆ ಕಟ್ಟಿ, ನಿಂತಾಗಿತ್ತು.

"ಅಪ್ಪಾ, ಹಗ್ಗ ಎಡಗಡೆಗೆ ಹಾಕ್ಲಾ?" ಅವಳು ಬಗ್ಗಿ ಗಂಟಿಗೆ ಕೈ ಹಾಕಿಯೇ ಬಿಟ್ಟಳು.

"ಯಾಕೆ? ಯಾವತ್ತೂ ಬಲಗಡೆ ತಾನೆ?"

"ಬಣ್ಣ ಇನ್ನೂ ಹಸಿ ಇದೆ."

"ಎಡಗಡೆದೂ ಅದೇ ಡಬ್ಬದ ಬಣ್ಣ. ಪಕ್ಕಕ್ಕೆ ಬಾ."

"ನಾಳೆ ಎಳೆಸೋಣಪ್ಪ. ನಾಳೆ ಏನು ಕಳ್ಕೊಳ್ತೀವಿ?"

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ಬೇಡ. ಏನಿದೆಯೋ ಬಿಡಿಸಿ ಹೇಳು."

ಗಡ್ಡದವನು ಗೇರ್ ಹಾಕಿದ. ಹಗ್ಗ ನೆಲ ಬಿಟ್ಟು ಮೇಲೆದ್ದಿತು. ಅಪ್ಪ ತಲೆ ವಾರೆ ಮಾಡಿದರು.

ಗಿರಾಕಿಯ ಎದುರಿಗೆ ಅಪ್ಪನ ಮಾನ ತೆಗೆಯಬೇಕು, ಇಲ್ಲ ಅಪ್ಪನನ್ನೇ ಕಳೆದುಕೊಳ್ಳಬೇಕು. ಎರಡೂ ಅವಳಿಗೆ ಬೇಡವಾಗಿತ್ತು. ಹೋಗಿ ಜೀಪಿನ ಬಾನೆಟ್ಟಿಗೆ ಅಂಗೈಯಿಂದ ಬಡಿದಳು. ಗಾಡಿ ನಿಂತಿತು.

"ಆ ಬೆಸುಗೆ ನಾನು ನೋಡಿಲ್ಲ ಅಪ್ಪ. ಎಂಟು ತಿಂಗಳಿಂದ ನಿನ್ನ ಒಂದೊಂದು ಕೊಕ್ಕೇನೂ ನಾನೇ ಕತ್ತರಿಸಿ ಮತ್ತೆ ಬೆಸೀತಿದೀನಿ. ನಿನ್ನ ಬೆಸುಗೆ ಸಂದಿಗೆ ಬೀಳ್ತಿಲ್ಲ. ಇದೊಂದು ನನ್ನ ಕೈ ತಪ್ಪಿದೆ."

ಗಡ್ಡದವನು ಯಾರ ಮುಖ ನೋಡಬೇಕೆಂದು ತಿಳಿಯದೆ ತನ್ನ ಬೂಟು ನೋಡಿಕೊಂಡ. ಮೇಸ್ತ್ರಿ ಬಂಡೆ ಬಿಟ್ಟು, ವರ್ಕ್‌ಶಾಪಿನ ಗೋಡೆ ಸವರಿಕೊಂಡು ಹಿಂದಕ್ಕೆ ಸರಿದರು. ಮಗಳನ್ನೂ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡರು.

"ಈಗ ಎಳಿ" ಎಂದರು.

ಕೊಕ್ಕೆ ಕಿತ್ತದ್ದು ಕಣ್ಣಿಗೆ ಕಾಣಲೇ ಇಲ್ಲ. ಬಂಡೆಗೆ ಬಡಿದ ಸದ್ದಷ್ಟೇ ಕೇಳಿತು. ಅಂಗಳದ ಗಿಡದಿಂದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಮೇಸ್ತ್ರಿ ಹೋಗಿ ಬಂಡೆಯನ್ನು ತಡಕಾಡಿದರು. ಕಲ್ಲು ಚಕ್ಕೆ ಎದ್ದ ಜಾಗ ಬೆರಳಿಗೆ ಸಿಕ್ಕಿತು. ಅಲ್ಲಿ ಒಂದು ಕೈ ಇಟ್ಟು, ಇನ್ನೊಂದು ಕೈಯನ್ನು ಅದೇ ಎತ್ತರಕ್ಕೆ ತಮ್ಮ ಮೈಮೇಲೆ ಇಟ್ಟುಕೊಂಡರು. ಅದು ಸರಿಯಾಗಿ ಎದೆಯ ಮೇಲೆ ಬಂತು. ಆಮೇಲೆ ಬಂಪರಿನ ಹತ್ತಿರ ಬಂದು, ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಒಂದೆರಡು ಚುಕ್ಕೆ ಬಿಟ್ಟರೆ ಪ್ಲೇಟಿನ ಅಂಚು ಅಂಗಡಿಯಿಂದ ತಂದಾಗ ಇದ್ದ ಹಾಗೇ ಇತ್ತು.

"ಕಬ್ಬಿಣ ಕರಗೇ ಇಲ್ಲ" ಎಂದರು.

ಮಗಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ಅಪ್ಪ ಬದುಕಿದ್ದಾರೆ, ಬೈದರೆ ಬೈಯಲಿ, ಊಟ ಬಿಟ್ಟರೆ ಬಿಡಲಿ.

"ಎಷ್ಟು ತಿಂಗಳಿಂದ ಅಂದೆ?"

"ಎಂಟು."

"ಅದಕ್ಕೆ ಮುಂಚಿನದು?"

"ಮುಂಚಿನದು ಏನಪ್ಪ? ಮುಂಚೆ ನಿನ್ನ ಕಣ್ಣು ಚೆನ್ನಾಗೇ ಇತ್ತಲ್ಲ."

ಮೇಸ್ತ್ರಿ ಬಂಪರಿನ ಮೇಲೆ ಕೂತರು. ಅವಳು ಹುಟ್ಟಿದ ಮೇಲೆ ಅವರು ಹಾಗೆ ಕುಸಿದು ಕೂತದ್ದನ್ನು ನೋಡಿರಲಿಲ್ಲ.

"ನಿನಗೆ ಗೊತ್ತಾಗಿದ್ದು ಎಂಟು ತಿಂಗಳ ಹಿಂದೆ. ನನಗೆ ಕಾಣದೆ ಎರಡು ವರ್ಷ ಆಯ್ತು ಮಗಳೇ. ಕಿವಿ ನಂಬಿ ಬೆಸೀತಿದ್ದೆ. ರಾಡು ಉರಿಯೋ ಸದ್ದು ಸರಿಯಾಗಿ ಬಂದ್ರೆ ಬೆಸುಗೆ ಸರಿಯಾಗೇ ಬಿತ್ತು ಅಂದ್ಕೋತಿದ್ದೆ. ಪ್ರತಿ ಸಲ ಬಂಡೆ ಮುಂದೆ ನಿಂತೆ, ಒಂದೂ ಬಿಡಲಿಲ್ಲ. ಅದಕ್ಕೇ ನಂಬಿದೆ."

ಒಂದು ಸಲ ತಡೆದದ್ದು ನೂರು ಸಲ ತಡೆಯುತ್ತದೆ ಎಂದು ಯಾವ ಕಬ್ಬಿಣವೂ ಮಾತು ಕೊಟ್ಟಿಲ್ಲ. ಮಗಳು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. ಎಂಟು ತಿಂಗಳು ದಾಟಿ, ಒಂದು ವರ್ಷ ದಾಟಿ, ಒಂದೂವರೆ ವರ್ಷಕ್ಕೆ, ತಮ್ಮನ ಬಂಪರಿಗೆ, ಬಂದು ನಿಂತಳು. ಅಪ್ಪ ಆಗಲೇ ಅಲ್ಲಿಗೆ ತಲುಪಿದ್ದರು.

"ನಿನ್ನ ತಮ್ಮನಿಗೆ ಫೋನ್ ಮಾಡು" ಎಂದರು.

ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಎತ್ತಿದವನು ತಮ್ಮನ ಗೆಳೆಯ. ಅವಳು ಸ್ಪೀಕರ್ ಒತ್ತಿದಳು. ಇಂಜಿನ್ನಿನ ಗದ್ದಲ ಅಂಗಳ ತುಂಬಿತು.

"ಅಕ್ಕ, ಅವನ ಫೋನು ಜೀಪಲ್ಲೇ ಇದೆ. ಸ್ಟಿಯರಿಂಗ್ ನನ್ನ ಕೈಲಿದೆ. ಒಂದು ಗಾಡಿ ಮರಳಲ್ಲಿ ಕೂತ್ಬಿಟ್ಟಿದೆ, ಎಳೀತಿದೀವಿ."

"ಅವನೆಲ್ಲಿದಾನೆ?"

"ಇಲ್ಲೇ, ಹಗ್ಗದ ಎದುರಿಗೆ ನಿಂತಿದಾನೆ. ಇನ್ನೆಲ್ಲಿರ್ತಾನೆ?"

"ನಿಲ್ಸು. ಗಾಡಿ ಆಫ್ ಮಾಡು. ಅವನನ್ನ ಪಕ್ಕಕ್ಕೆ ಕರಿ."

"ಏನಕ್ಕ? ಸದ್ದಲ್ಲಿ ಏನೂ ಕೇಳಿಸ್ತಿಲ್ಲ. ತಾಳು, ಕೈ ಎತ್ತಿದ, ಎಳೆದು ಆಮೇಲೆ ಮಾಡ್ತೀನಿ."

"ಎಳೀಬೇಡ" ಎಂದು ಅವಳು ಕಿರುಚಿದಳು. ಫೋನನ್ನು ಅವನು ಸೀಟಿನ ಮೇಲೆ ಎಸೆದಿರಬೇಕು. ಮಾತು ನಿಂತಿತು, ಕರೆ ಮಾತ್ರ ಕಡಿದಿರಲಿಲ್ಲ. ಇಂಜಿನ್ನಿನ ಸದ್ದು ನಿಧಾನವಾಗಿ ದಪ್ಪವಾಗತೊಡಗಿತು. ಅವಳು ಮತ್ತೆ ಮತ್ತೆ ತಮ್ಮನ ಹೆಸರು ಕೂಗಿದಳು.

ಮೇಸ್ತ್ರಿ ಕೂತಲ್ಲಿಂದಲೇ ತಲೆ ವಾರೆ ಮಾಡಿ ಕೇಳುತ್ತಿದ್ದರು.

"ಹಗ್ಗ ಬಿಗಿಯಾಯ್ತು" ಎಂದರು.