ಮೂರನೇ ಸಾಲಿನ ಉಸಿರು

"ಥೂ ನಿನ್ನ! ಹಾಡಿಗೆ ನಿನ್ನ ಹೆಸರು ಬೇರೆ ಕೇಡು. ಕನ್ನಡೀಲಿ ಮುಖ ನೋಡ್ಕೊಂಡಿದೀಯೇನೇ?"

ಸ್ಟುಡಿಯೋ ಯಜಮಾನ ಕುರ್ಚಿಯಿಂದ ಏಳದೆಯೇ ಉಗಿದ. ಅಕ್ಕ ಕೈಕಟ್ಟಿ ನಿಂತಿದ್ದಳು. ಅಲ್ಲೇ ಕೋರಸ್ಸಿನಲ್ಲಿ ಹಾಡುತ್ತಿದ್ದ ನಾನು ಬಾಗಿಲ ಬಳಿ ಇದ್ದೆ.

ಅಕ್ಕನ ಕೆಲಸ ಟ್ರ್ಯಾಕ್ ಹಾಡುವುದು. ದೊಡ್ಡ ಗಾಯಕಿ ಬರುವ ಮೊದಲು ಇಡೀ ಹಾಡನ್ನು ಹಾಡಿಟ್ಟು ಹೋಗಬೇಕು. ಮೇಡಂ ಬಂದು ಅದನ್ನು ಕೇಳಿ ಕೇಳಿ ಕಲಿತು ತಾವು ಹಾಡುತ್ತಾರೆ. ಆಮೇಲೆ ಅಕ್ಕನ ದನಿಯನ್ನು ಅಳಿಸುತ್ತಾರೆ. ಹತ್ತು ವರ್ಷ ಹೀಗೆ ಅಳಿಸಿಕೊಂಡವಳು ಒಂದು ದಿನವೂ ಗೊಣಗಿರಲಿಲ್ಲ. ಈ ಸಲ ಮೇಡಂ ಗಂಟಲು ಕೆಟ್ಟಿತ್ತು. ಅಕ್ಕ ಹಾಡಿದ್ದನ್ನೇ ಉಳಿಸಿಕೊಂಡು ಮೇಡಂ ಹೆಸರು ಹಾಕಿಬಿಟ್ಟರು.

"ಪಕ್ಕದಲ್ಲಿ ಸಣ್ಣದಾಗಿ ಹಾಕಿ ಸಾರ್, ಸಾಕು," ಎಂದಳು ಅಕ್ಕ. "ನಂಗೆ ಉಬ್ಬಸ. ಮೂರನೇ ಸಾಲಲ್ಲಿ ಪದದ ಮಧ್ಯಾನೇ ಉಸಿರು ಎಳ್ಕೋತೀನಿ. ಕೇಳಿ ನೋಡಿ, ಅದು ನಂದೇ."

ಯಜಮಾನ ಹಾಡು ಹಾಕಿದ. ಉಸಿರು ಕೇಳಿಸಿತು. ಅವನು ನನ್ನತ್ತ ತಿರುಗಿದ.

"ಏಯ್ ಕೋರಸ್ಸು, ನೀನು ಇವಳ ತಂಗಿ ತಾನೆ? ಯಾರದ್ದೇ ಈ ಉಸಿರು? ಯೋಚ್ನೆ ಮಾಡಿ ಹೇಳು. ನಾಳೆಯಿಂದ ಟ್ರ್ಯಾಕಿಗೆ ಬೇರೆಯವಳು ಬೇಕು ನಂಗೆ."

ಆ ಉಸಿರಿನ ಪಕ್ಕದಲ್ಲಿ ಇಪ್ಪತ್ತು ವರ್ಷ ಮಲಗಿದವಳು ನಾನು.

"ಮೇಡಂದು," ಎಂದೆ.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನದಿಂದ ಅವಳ ಮೈಕಿನ ಮುಂದೆ ನಾನು ನಿಂತೆ, ಅವಳು ಮನೆಯಲ್ಲಿ ಹೊಲಿಗೆಗೆ ಕೂತಳು. ಹೊತ್ತು ಹೊತ್ತಿಗೆ ತಟ್ಟೆ ಮುಂದಿಡುತ್ತಿದ್ದಳು, ಮುಖ ಮಾತ್ರ ಎತ್ತುತ್ತಿರಲಿಲ್ಲ. ಆದರೂ ನಾನು ತಿನ್ನುತ್ತಿದ್ದೆ, ನಾಚಿಕೆಗೆಟ್ಟವಳು.

ಹಾಡು ಮನೆಮನೆಯ ಮಾತಾಯಿತು. ಯಜಮಾನ ದೊಡ್ಡದೊಂದು ಸಭೆ ಇಟ್ಟ. ಕೋರಸ್ಸಿನ ನಾಲ್ವರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸಿ ಮೇಡಂ ಹಿಂದೆ ಸಾಲಾಗಿ ನಿಲ್ಲಿಸಿದರು.

"ಮೂರನೇ ಸಾಲಲ್ಲಿ ಆ ಉಸಿರು! ಹೇಗೆ ಬಂತು ಮೇಡಂ ಅದು?" ಪತ್ರಕರ್ತನೊಬ್ಬ ಕೇಳಿದ.

"ಅದು ಕಲಿತು ಬರೋದಲ್ಲ. ನೋವು ತಿಂದವರಿಗೆ ಮಾತ್ರ ಬರತ್ತೆ," ಎಂದು ಮೇಡಂ ಕಣ್ಣು ಮುಚ್ಚಿ ಹಾಡಿ ತೋರಿಸಿದರು. ಉಸಿರು ಸರಿಯಾಗಿ ಅದೇ ಜಾಗದಲ್ಲಿ ಬಂತು. ಅಕ್ಕನ ಕಾಯಿಲೆಯನ್ನೂ ಬಿಡದೆ ಬಾಯಿಪಾಠ ಮಾಡಿಕೊಂಡಿದ್ದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮುಂದೆ ನುಗ್ಗಿ ಮೈಕು ಕಿತ್ತುಕೊಂಡೆ.

"ಅದು ಉಬ್ಬಸ! ನಮ್ಮಕ್ಕನ ಉಬ್ಬಸ! ಹಾಡಿದ್ದು ಅವಳು. ಇವರದ್ದು ಅಂತ ಸುಳ್ಳು ಬೊಗಳಿದ ಹಡಬೆ ನಾನು."

"ಮೈಕ್ ಆಫ್ ಮಾಡ್ರೋ! ಎಳ್ದು ಹೊರಗಾಕ್ರೋ ಆ ಮುಂಡೇನ!" ಎಂದು ಯಜಮಾನ ಅರಚಿದ. ಇಬ್ಬರು ರಟ್ಟೆ ಹಿಡಿದು ನನ್ನನ್ನು ದರದರ ಎಳೆದೊಯ್ದರು. ಬೀದಿಗೆ ಬಿಸಾಡುವವರೆಗೂ ನಾನು ಅದನ್ನೇ ಕೂಗುತ್ತಿದ್ದೆ.

ಮನೆಗೆ ಓಡಿಬಂದೆ. ಅಕ್ಕ ಹೊಲಿಗೆ ಮಷೀನು ತುಳಿಯುತ್ತಿದ್ದಳು.

"ಹೇಳ್ಬಿಟ್ಟೆ ಕಣಕ್ಕಾ! ನಿಂದೇ ಹಾಡು ಅಂತ ಎಲ್ಲರ ಮುಂದೆ ಹೇಳ್ಬಿಟ್ಟೆ!"

ಮಷೀನು ನಿಂತಿತು. ಎಷ್ಟೋ ತಿಂಗಳಾದ ಮೇಲೆ ಅಕ್ಕ ನನ್ನ ಮುಖ ನೋಡಿದಳು.

"ಎಷ್ಟು ಜನ ಇದ್ರು?"

"ಇನ್ನೂರು ಇರಬಹುದು."

"ಅವತ್ತು ಸ್ಟುಡಿಯೋದಲ್ಲಿ ಅವನೊಬ್ಬನೇ ಇದ್ದ ಕಣೇ," ಎಂದಳು.

ಮತ್ತೆ ಬಟ್ಟೆ ಸರಿಮಾಡಿಕೊಂಡು ಮಷೀನು ತುಳಿಯತೊಡಗಿದಳು.