ಮಣಿಗಳು ಹಿಡಿದಷ್ಟು

ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವಾಗ ತನ್ನ ಮಗಳು ಚೀರಿದ್ದು ತಂಗಿಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಆ ಮಜ್ಜೆ ಈಗ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕನ ಕೈಯಲ್ಲಿತ್ತು. ಅದರಿಂದ ಡಿಎನ್‌ಎ ಬೇರ್ಪಡಿಸಿದರೆ, ಇದು ಯಾವ ಬಗೆಯ ರಕ್ತದ ಕ್ಯಾನ್ಸರ್, ಯಾವ ಔಷಧಿ ಎಂದು ತಿಳಿಯುತ್ತಿತ್ತು.

"ನಿಮ್ಮನೆ ಮಗು, ನಿನ್ ಕೈ ನಡುಗತ್ತೆ. ನಾನ್ ಮಾಡ್ತೀನಿ ಬಿಡು," ಎಂದ ಸಹೋದ್ಯೋಗಿ. ಎಲ್ಲದಕ್ಕೂ ವಾದ ಹೂಡುವ ಅವನಿಗೆ ಲ್ಯಾಬಿನಲ್ಲಿ ವಕೀಲ ಎಂದೇ ಹೆಸರು.

ಅಕ್ಕ ಕೇಳಲಿಲ್ಲ. ಹೆಚ್ಚು ಹಾಕಿದರೆ ಹೆಚ್ಚು ಸಿಕ್ಕೀತೆಂದು ಮಜ್ಜೆಯನ್ನೆಲ್ಲ ಒಂದೇ ಕೊಳವೆಗೆ ಸುರಿದು, ದ್ರಾವಣ ಬೆರೆಸಿ, ಎಂದಿನಷ್ಟೇ ಕಾಂತದ ಮಣಿ ಹಾಕಿದಳು. ಕಂದು ಕೆಸರಿನಂತೆ ಕಾಣುವ ಆ ಪುಟಾಣಿ ಮಣಿಗಳು ಡಿಎನ್‌ಎಯನ್ನು ಮೈಗಂಟಿಸಿಕೊಂಡು ಅಯಸ್ಕಾಂತದ ಕಡೆ ಸರಿಯುತ್ತವೆ. ಉಳಿದ ನೀರನ್ನು ಹೀರಿ ಬೇರೆ ಕೊಳವೆಗೆ ತೆಗೆದರಾಯಿತು. ಇಂದು ಮಾತ್ರ ಅವು ಲೋಳೆಯಾಗಿ ಮುದ್ದೆಗಟ್ಟಿದವು. ಕೊನೆಗೆ ಸಿಕ್ಕ ಡಿಎನ್‌ಎ ಎಷ್ಟೆಂದು ಅವಳು ಯಂತ್ರದಲ್ಲಿ ಅಳೆದಳು. ಬೇಕಾದದ್ದರ ಅರ್ಧವೂ ಇಲ್ಲ.

ಅಷ್ಟರಲ್ಲಿ ತಂಗಿಯ ಫೋನು. "ಅಕ್ಕಾ, ಸಾಕಾಗತ್ತಲ್ವಾ? ಇನ್ನೊಂದ್ಸಲ ಚುಚ್ಚೋದನ್ನ ನನ್ ಕೈಲಿ ನೋಡೋಕಾಗಲ್ಲ."

"ಸ್ವಲ್ಪ ತಡಿ," ಎಂದು ಅಕ್ಕ ಫೋನಿಟ್ಟಳು.

"ಮಜ್ಜೇಲೇ ಏನೂ ಇರ್ಲಿಲ್ವೇನೋ," ಎಂದ ವಕೀಲ.

"ಡಿಎನ್‌ಎ ಇಲ್ದಿದ್ರೆ ಲೋಳೆ ಯಾಕಾಗತ್ತೆ? ಇತ್ತು. ತುಂಬಾನೇ ಇತ್ತು!"

ಹೇಳುತ್ತಲೇ ಅವಳಿಗೆ ಹೊಳೆಯಿತು. ಸೇರು ಹಿಡಿಯುವ ಪಾತ್ರೆಗೆ ಕೊಳಗ ಸುರಿದಿದ್ದಳು. ಮಣಿಗಳು ಹಿಡಿದಷ್ಟು ಹಿಡಿದು, ಮಿಕ್ಕದ್ದನ್ನು ಮೊದಲು ತೆಗೆದ ನೀರಿನಲ್ಲೇ ಬಿಟ್ಟಿದ್ದವು.

"ಆ ನೀರಿನ ಕೊಳವೆ ಎಲ್ಲಿ? ಇಲ್ಲೇ ಇಟ್ಟಿದ್ದೆ!"

ವಕೀಲ ಮೂಲೆಯ ಕಡೆ ತಿರುಗಿ ನೋಡಿದ. "ಟೇಬಲ್ ಒರೆಸುವಾಗ... ಕಸದ ಡಬ್ಬಿಗೆ ಹಾಕ್ದೆ."

"ಮುಚ್ಚಳ ಹಾಕಿತ್ತಾ?"

"ಹಾಕಿತ್ತು ಅನ್ಸತ್ತೆ."

"ಅನ್ಸತ್ತಾ?"

ಇಬ್ಬರೂ ಹೊಸ ಕೈಗವಸು ತೊಟ್ಟು ಡಬ್ಬಿಯನ್ನು ದೊಡ್ಡ ತಟ್ಟೆಗೆ ಬೋರಲು ಹಾಕಿದರು. ಎಲ್ಲವೂ ಒಂದೇ ಅಚ್ಚಿನ ಕೊಳವೆಗಳು. ಕೆಲವಂತೂ ಬಾಯ್ತೆರೆದು ಬರಿದಾಗಿದ್ದವು. ಅಕ್ಕ ಒಂದೊಂದೇ ಎತ್ತಿ ಗುರುತು ಓದಿದಳು. ವಕೀಲ ವಾದ ಮರೆತು ಹುಡುಕುತ್ತಿದ್ದ.

"ಸಿಕ್ತು!" ಎಂದ. ಮುಚ್ಚಳ ಭದ್ರವಾಗಿತ್ತು.

ನೀರನ್ನು ನಾಲ್ಕು ಪಾಲು ಮಾಡಿ ಒಂದೊಂದಕ್ಕೂ ಹೊಸ ಮಣಿ ಹಾಕಿದರು. ಈ ಸಲ ಅವು ಮುದ್ದೆಗಟ್ಟದೆ ನುಣ್ಣಗೆ ಅಯಸ್ಕಾಂತದ ಕಡೆಯ ಕೊಳವೆಯ ಗೋಡೆಗೆ ಸರಿದವು. ತೊಳೆದು, ಡಿಎನ್‌ಎ ಬಿಡಿಸಿ, ಅಳೆದರು. ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು.

"ಚುಚ್ಚೋದು ಬೇಡ ಕಣೇ," ಎಂದಳು ಫೋನಿನಲ್ಲಿ. ಆ ಕಡೆಯಿಂದ ಬರೀ ಬಿಕ್ಕು ಕೇಳಿಸಿತು.

ಮುಂದಿನ ವಾರ ವರದಿ ಬಂತು. ರೋಗ ಔಷಧಿಗೆ ಬಗ್ಗುವ ಜಾತಿಯದೇ ಆಗಿತ್ತು. ಚಿಕಿತ್ಸೆ ಮಾತ್ರ ವರ್ಷಗಟ್ಟಲೆ. ತಂಗಿ ವರದಿಯನ್ನು ಮತ್ತೆ ಮತ್ತೆ ಓದಿಸಿ ಕೇಳಿದಳು. ಅಕ್ಕ ಬೇಸರಿಸದೆ ಓದಿದಳು.