ನಲವತ್ತು ನಿಮಿಷ

ವರದಿ ಅಚ್ಚಾಗಿ ಬಂದಾಗ ಅದರ ಹೊದಿಕೆಯ ಮೇಲೆ ಒಂದೇ ಹೆಸರಿತ್ತು. ಹನ್ನೊಂದು ವರ್ಷ ಆ ಕೆಲಸ ಮಾಡಿದವಳ ಹೆಸರು ಅದಾಗಿರಲಿಲ್ಲ.

ಕಟ್ಟು ಬಿಚ್ಚಿದ ಗುಮಾಸ್ತ ಎಲ್ಲರಿಗೂ ಒಂದೊಂದು ಪ್ರತಿ ಹಂಚುತ್ತ ಬಂದವನು ಅಕ್ಕನ ಮೇಜಿನ ಹತ್ತಿರ ಮಾತ್ರ ತಡೆದು, ಪುಸ್ತಕವನ್ನು ಮಗುಚಿ ಇಟ್ಟು ಹೋದ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ, ದೀಪಗಳ ಉಸ್ತುವಾರಿ ನೋಡುವ ಮಾಮನಿಗೂ ಅಕ್ಕ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಮನುಷ್ಯರ ಕಣ್ಣನ್ನು, ಚರ್ಮವನ್ನು ಎಷ್ಟು ಹೊತ್ತಿಗೆ ಸುಡುತ್ತದೆ ಎಂದು ಅಳೆಯುವುದು ಅಲ್ಲಿಯ ಕೆಲಸ. ಅಲ್ಲೊಂದು ಕಟ್ಟಳೆಯಿತ್ತು: ಚರ್ಮದ ಬಗ್ಗೆ ಅಂಕಿ ಬರೆಯುವವರು ಮೊದಲು ಅದನ್ನು ಸ್ವಂತ ಮೈಮೇಲೆ ತಾಳಿಕೊಳ್ಳಬೇಕು. ಎಂಟು ಕಿಂಡಿಗಳ ಕಪ್ಪು ಬಟ್ಟೆಯನ್ನು ಮುಂಗೈಗೆ ಸುತ್ತಿ, ಒಂದಕ್ಕಿಂತ ಒಂದನ್ನು ಹೆಚ್ಚು ಹೊತ್ತು ದೀಪಕ್ಕೆ ತೆರೆದಿಟ್ಟು, ಮರುದಿನ ಯಾವ ಚೌಕ ಕೆಂಪಾಗಿದೆ ಎಂದು ನೋಡುವುದು. ಅಕ್ಕನ ಎರಡೂ ಮುಂಗೈಗಳಲ್ಲಿ ಕಂದು ಚೌಕಗಳು ತೇಪೆ ಹಾಕಿದಂತೆ ಸಾಲಾಗಿ ಕೂತಿದ್ದವು.

ಹೊದಿಕೆಯ ಮೇಲಿದ್ದದ್ದು ಚೂಟಿಯ ಹೆಸರು. ಆರು ವರ್ಷದ ಹಿಂದೆ ಬಂದ ಹುಡುಗಿ. ಮೀಟರು ಹಿಡಿಯುವುದನ್ನು ಕಲಿಸಿದವಳು ಅಕ್ಕ. ಚೂಟಿ ಎಂದು ಹೆಸರಿಟ್ಟವಳೂ ಅವಳೇ. ಬಾಟಲಿ ಕಾರ್ಖಾನೆಯವರು ಕ್ರಿಮಿ ಕೊಲ್ಲಲೆಂದು ತರಿಸಿದ ಹೊಸ ದೀಪವೊಂದನ್ನು ಅಳೆದದ್ದಷ್ಟೇ ಚೂಟಿಯ ಪಾಲು. ಮಿಕ್ಕಿದ್ದೆಲ್ಲ ಅಕ್ಕನ ತೋಳಿನಿಂದ ಬಂದದ್ದು.

ಸಂಸ್ಥೆಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಅನ್ನುತ್ತಿದ್ದರು. ಅಕ್ಕ ಅವರ ಕೋಣೆಗೆ ಹೋಗಿ ನಿಂತಾಗ ಅವರೇ ಮಾತು ತೆಗೆದರು.

"ಸಭೇಲಿ ಎಳೇ ಮುಖ ಇದ್ರೆ ಚೆನ್ನ ಅಲ್ವೇನಮ್ಮಾ? ನೀವು ಮನೆ ತೊಲೆ ಇದ್ದ ಹಾಗೆ. ತೊಲೆಗೆ ಯಾರಾದ್ರೂ ಬಣ್ಣ ಹೊಡೀತಾರಾ?"

"ಗೆದ್ದಲು ಹಿಡಿದಾಗ ಹೊಡೀತಾರೆ."

ದೊಡ್ಡವರು ಬಾಯಿತುಂಬ ನಕ್ಕರು. ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು.

ಅಕ್ಕನಿಗೆ ಮುಗಿಯಲಿಲ್ಲ. ಚೂಟಿ ನಕ್ಕರೆ ಉರಿ, ನಗದಿದ್ದರೆ ಇನ್ನಷ್ಟು ಉರಿ. ಅವಳ ಕುರ್ಚಿ ಕಿಟಕಿಯ ಪಕ್ಕಕ್ಕೆ ಹೋದದ್ದು, ಅವಳ ಫೋನು ಹೆಚ್ಚು ಸಲ ಬಡಿದುಕೊಳ್ಳುವುದು, ಗುಮಾಸ್ತ ಅವಳಿಗೆ ಬಾಗಿಲು ಹಿಡಿಯುವುದು, ಒಂದೂ ಕಣ್ಣು ತಪ್ಪಲಿಲ್ಲ.

"ಅಕ್ಕಾ, ಟೀ ತರ್ಲಾ?"

"ಬೇಡಮ್ಮ. ದೊಡ್ಡ ಮನುಷ್ಯರ ಕೈಲಿ ತರಿಸ್ಕೊಂಡ್ರೆ ನನಗೆ ದಕ್ಕಲ್ಲ."

ಚೂಟಿಯ ಮುಖ ಸಣ್ಣಗಾಯಿತು. ಸಣ್ಣಗಾದ ಮುಖವೂ ಚೆಂದವೇ ಇತ್ತಲ್ಲ ಎಂದು ಅಕ್ಕನಿಗೆ ಮತ್ತೊಂದು ಹೊಟ್ಟೆಯುರಿ.

ಮನೆಯಲ್ಲಿ ಗಂಡ, ಕನ್ನಡಕದ ಅಂಗಡಿಯವನು, ಗಾಜು ಒರೆಸುತ್ತ ಎರಡು ದಿನ ಕೇಳಿಸಿಕೊಂಡ. ಮೂರನೆಯ ದಿನ ಅಂದ: "ಹತ್ತಿರದ್ದು ಕಾಣದೋರಿಗೆ ನನ್ನ ಹತ್ರ ಗಾಜಿದೆ ಕಣೇ, ದೂರದ್ದು ಕಾಣದೋರಿಗೂ ಇದೆ. ಪಕ್ಕದ ಮೇಜೊಂದೇ ಕಾಣೋರಿಗೆ ಎಲ್ಲಿಂದ ತರ್ಲಿ?"

"ಬಾಯಿಗೆ ಹಾಕೋ ಮುಚ್ಚಳ ಇದ್ರೆ ಮೊದಲು ನೀವು ಹಾಕ್ಕೊಳ್ಳಿ."

ಸೋಮವಾರ ಅಕ್ಕ ಆ ವರದಿಯನ್ನು ಓದಲು ಕೂತಳು. ಓದಿದ್ದಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಿದ್ದು. ಹದಿನಾಲ್ಕನೆಯ ಪುಟದಲ್ಲಿ ಕಲ್ಲು ಸಿಕ್ಕಿತು. ಹೊಸ ದೀಪದ ಅಳತೆ ತೆಗೆದ ಹೊತ್ತು: ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ. ಅಷ್ಟು ಬೇಗ ಯಾರೂ ಅಳೆಯುವುದಿಲ್ಲ. ಅವಳು ನೆಲಮಾಳಿಗೆಗೆ ಇಳಿದು, ಯಾವ ದೀಪ ಯಾವಾಗ ಹಚ್ಚಿದ್ದು ಎಂದು ಮಾಮ ಬರೆದಿಡುವ ಪುಸ್ತಕ ಕೇಳಿದಳು. ಒಯ್ಯುವವರು ತಾರೀಕು ಹಾಕಿ ಸಹಿ ಮಾಡಬೇಕು, ಮಾಡಿದಳು. ಆ ದಿನ ದೀಪ ಹಚ್ಚಿದ್ದು ಒಂಬತ್ತಕ್ಕೆ ಸರಿಯಾಗಿ.

"ಕಾಯಲಿಲ್ವಾ ಮಾಮ ಅವಳು?"

"ಎಲ್ಲಿ ಕಾಯ್ತಾಳೆ? ಮೇಲಿಂದ ಮೂರು ಸಲ ಫೋನು. ಹತ್ತಕ್ಕೆ ಕಾರ್ಖಾನೆಯೋರು ಬರ್ತಾರೆ, ಕಾಗದ ತಾ ಅಂತ. ದೀಪಕ್ಕೆ ಚಳಿ ಬಿಡೋ ಮುಂಚೆ ಅಳೆದು ಓಡಿದ್ಲು."

ಆ ಜಾತಿಯ ದೀಪ ತಣ್ಣಗಿನ ಮಾಳಿಗೆಯಲ್ಲಿ ಪೂರ್ತಿ ಶಕ್ತಿಗೆ ಬರಲು ಅರ್ಧ ಗಂಟೆ ಬೇಕು, ಐದು ನಿಮಿಷಕ್ಕೆ ಮೂರರಲ್ಲೊಂದು ಪಾಲಷ್ಟೇ ಕೊಡುತ್ತದೆ. ಮೈ ಎಷ್ಟು ಕಿರಣ ತಾಳುತ್ತದೆ ಎಂಬ ಬಿಂದಿಗೆಯ ಅಳತೆ ಅಕ್ಕನದು, ಅದು ಸರಿಯಾಗೇ ಇತ್ತು. ದೀಪ ಎಷ್ಟು ಸುರಿಯುತ್ತದೆ ಎಂಬ ನಲ್ಲಿಯ ಅಳತೆ ಚೂಟಿಯದು. ನಲ್ಲಿ ಇನ್ನೂ ಹನಿಯುತ್ತಿದ್ದಾಗಲೇ ಅವಳು ಅಳೆದುಬಿಟ್ಟಿದ್ದಳು. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳು. ಆ ದೀಪದ ಕೆಳಗೆ ದಿನಕ್ಕೆ ನಲವತ್ತು ನಿಮಿಷ ನಿಲ್ಲಬಹುದು ಎಂದು ವರದಿ ಹೇಳುತ್ತಿತ್ತು. ಹೇಳಬೇಕಾದದ್ದು ಹದಿಮೂರು.

ಎದೆಯಲ್ಲಿ ತಂಪಾಯಿತು. ಎಷ್ಟೋ ದಿನದ ಮೇಲೆ ಆದ ತಂಪು.

ಆಗಲೇ ಮೇಲೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಶುಕ್ರವಾರ ಇನ್ನೂರು ಜನರ ಮುಂದೆ ಚೂಟಿ ವರದಿ ಓದುವವಳಿದ್ದಳು. ಮೊದಲ ಮೆಟ್ಟಿಲಿಂದ ಬಿದ್ದರೆ ಯಾರಿಗೆ ಸದ್ದು ಕೇಳುತ್ತದೆ? ಏಣಿಯ ತುದಿಗೆ ಹತ್ತಲಿ. ಆಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೇಳುತ್ತದೆ: "ದೀಪ ಹಚ್ಚಿದ್ದು ಎಷ್ಟು ಗಂಟೆಗಮ್ಮಾ?" ಬಚ್ಚಲ ಕನ್ನಡಿಯ ಮುಂದೆ ಅಕ್ಕ ಆ ಪ್ರಶ್ನೆಯನ್ನು ಎರಡು ಮೂರು ದನಿಯಲ್ಲಿ ಹೇಳಿ ನೋಡಿದಳು. ಮೆಲುದನಿಯೇ ಚೆನ್ನಾಗಿತ್ತು. ಕಾರ್ಖಾನೆಯಲ್ಲಿ ದೀಪ ಹಚ್ಚುವುದು ಮುಂದಿನ ವಾರ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದಿತ್ತು. ಹೌದೋ ಅಲ್ಲವೋ ಎಂದು ವಿಚಾರಿಸಲು ಅವಳು ಹೋಗಲಿಲ್ಲ.

ಗುರುವಾರ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲ ಬಳಿಯ ಬೆಂಚಿನ ಮೇಲೆ ಮೂವರು ಹೆಂಗಸರು ಕೂತಿದ್ದರು. ಮೂವರೂ ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಿದ್ದರು. ಬಾಟಲಿ ಆರಿಸುವ ಕೆಲಸದವರು.

"ಕಣ್ಣಲ್ಲಿ ಮರಳು ಹಾಕಿ ತಿಕ್ಕಿದ ಹಾಗಿದೆ ತಾಯಿ," ಎಂದಳು ಹಿರಿಯಳು. "ಮೇಸ್ತ್ರಿ ನಂಬಲ್ಲ. ಕೆಲಸ ಬಿಟ್ಟು ಹೋಗುವಾಗ ಚೆನ್ನಾಗೇ ಇದ್ರಲ್ಲ, ಮನೇಲಿ ಏನೋ ಮಾಡ್ಕೊಂಡು ಬಂದು ನಮ್ಮ ತಲೆಗೆ ಕಟ್ತೀರಾ ಅಂತಾನೆ."

ಆ ಕಿರಣದ ಗುಣವೇ ಅದು. ಸುಡುವಾಗ ಗೊತ್ತಾಗುವುದಿಲ್ಲ, ಆರೇಳು ಗಂಟೆ ಕಳೆದ ಮೇಲೆ ಉರಿಯುತ್ತದೆ. ಸುಟ್ಟದ್ದು ಕಾರ್ಖಾನೆಯಲ್ಲಿ, ಅತ್ತದ್ದು ಮನೆಯಲ್ಲಿ. ಮಾಲೀಕನಿಗೆ ಇದಕ್ಕಿಂತ ಅನುಕೂಲದ ಗಾಯ ಇನ್ನೊಂದಿಲ್ಲ.

"ಎಷ್ಟು ಹೊತ್ತು ನಿಂತಿದ್ರಿ?"

"ಗೋಡೆ ಮೇಲೆ ನಿಮ್ಮದೇ ಬೋರ್ಡಿದೆಯಲ್ಲ, ನಲವತ್ತು ನಿಮಿಷ ಅಂತ. ಒಂದು ನಿಮಿಷ ಹೆಚ್ಚಿಲ್ಲ ತಾಯಿ. ಗಡಿಯಾರ ನೋಡ್ಕೊಂಡೇ ನಿಂತ್ವಿ."

"ದೀಪ ಹಚ್ಚಿದ್ದು ಯಾವತ್ತು?"

"ಮಂಗಳವಾರ."

ಅಕ್ಕ ಬೆಂಚಿನ ತುದಿ ಹಿಡಿದುಕೊಂಡಳು. "ತಿಕ್ಕಬೇಡಿ," ಎಂದಳು. ಮಾಮನನ್ನು ಕರೆದು ಮೂವರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಳು. ಕಾರ್ಖಾನೆಗೆ ತಾನೇ ಫೋನು ಮಾಡಿ ದೀಪ ಆರಿಸಿ ಎಂದಳು. ಮೇಲಿನವರ ಕಾಗದ ಬೇಕು ಎಂದರು. ಮಾಮನ ಪುಸ್ತಕ ಕಂಕುಳಲ್ಲಿಟ್ಟುಕೊಂಡು ದೊಡ್ಡವರ ಕೋಣೆಗೆ ನಡೆದಳು.

ದೊಡ್ಡವರು ಪುಟ ತಿರುಗಿಸಿ ನೋಡಿದರು. ಚೂಟಿಯನ್ನು ಕರೆಸಿದರು. ಅವಳು ಪುಸ್ತಕ ನೋಡಿದವಳೇ ಬಿಳಿಚಿಕೊಂಡಳು.

"ಅಕ್ಕಾ, ಇನ್ನೊಂದು ಸಲ ಅಳೀತೀನಿ ಅಂತ ಆವತ್ತೇ ಅಂದಿದ್ದೆ, ಇವರು…"

"ನೀನು ಸುಮ್ನಿರು." ದೊಡ್ಡವರು ಗುಮಾಸ್ತನನ್ನು ಕರೆದು ಅರ್ಧ ಗಂಟೆಯಲ್ಲಿ ಒಂದು ಹಾಳೆ ಬೆರಳಚ್ಚು ಮಾಡಿಸಿದರು. ಅದನ್ನು ಅಕ್ಕನ ಕಡೆ ತಳ್ಳಿದರು. ಕೆಲಸಗಾರ್ತಿಯರು ರಕ್ಷಣೆಯ ಕನ್ನಡಕ ಧರಿಸಿರಲಿಲ್ಲ, ಆದಕಾರಣ ಕಣ್ಣಿಗೆ ತೊಂದರೆಯಾಗಿದೆ ಎಂದಿತ್ತು. ಪರೀಕ್ಷಿಸಿದವರ ಸಹಿಗೆ ಜಾಗ ಬಿಟ್ಟಿತ್ತು.

"ಅವರಿಗೆ ಕನ್ನಡಕ ಕೊಟ್ಟೇ ಇಲ್ಲ," ಎಂದಳು ಅಕ್ಕ.

"ಕೊಟ್ಟಿದ್ರು ಅಂತ ಎಲ್ಲಿ ಬರ್ದಿದೀನಿ? ಹಾಕಿರ್ಲಿಲ್ಲ ಅಂತ ಬರ್ದಿದೀನಿ. ಅದೇನು ಸುಳ್ಳಾ?" ದೊಡ್ಡವರ ದನಿ ಮೆತ್ತಗಾಯಿತು. "ನೋಡಮ್ಮಾ, ಅಂಕಿ ಆಮೇಲೆ ಸದ್ದಿಲ್ದೆ ತಿದ್ದೋಣ. ಎರಡನೇ ಮುದ್ರಣ ಹೇಗೂ ಬರುತ್ತೆ. ಅದರಲ್ಲಿ ನಿಮ್ಮ ಹೆಸರು ಮೊದಲು, ದಪ್ಪಕ್ಷರದಲ್ಲಿ. ಇವಳದು ಒಳಗೆಲ್ಲೋ ಕೃತಜ್ಞತೆ ಪುಟದಲ್ಲಿ."

ಹನ್ನೊಂದು ವರ್ಷ. ಅಕ್ಕ ತನಗೇ ತಿಳಿಯದೆ ಚೂಟಿಯ ಮುಖ ನೋಡಿದಳು. ಅದು ಹೇಗೆ ಬಾಡುತ್ತದೆ ಎಂದು ನೋಡಬೇಕಿತ್ತು. ಬಾಡಿತು. ಸೋಮವಾರದ ತಂಪು ಎದೆಯಲ್ಲಿ ಮತ್ತೆ ಎದ್ದಿತು, ಬೆಂಚಿನ ಮೇಲಿನ ಮೂರು ಒದ್ದೆ ಬಟ್ಟೆ ನೆನಪಾಗಿ ಅಲ್ಲೇ ನಿಂತಿತು. ಪೆನ್ನು ಅವಳ ಬೆರಳಿನ ಹತ್ತಿರವೇ ಇತ್ತು.

"ನಾನು ಸಹಿ ಹಾಕಲ್ಲ," ಎಂದಳು.

ದೊಡ್ಡವರು ಕನ್ನಡಕ ತೆಗೆದಿಟ್ಟು, ಮಾಮನ ಪುಸ್ತಕದ ಕೊನೆಯ ಪುಟ ತೆರೆದರು. "ಇದನ್ನ ನೀವು ತಗೊಂಡಿದ್ದು ಸೋಮವಾರ. ಸಹಿ ಇದೆ. ಇವತ್ತು ಗುರುವಾರ. ಹೊಟ್ಟೆಕಿಚ್ಚಿಗೆ ಮೂರು ದಿನ ಬಾಯಿ ಮುಚ್ಕೊಂಡು ಕೂತಿದ್ರು ಅಂತ ನಾನು ಬರೆದ್ರೆ?"

"ಬರೀರಿ. ಅದು ನಿಜ." ಅಕ್ಕ ಪೆನ್ನನ್ನು ಅವರ ಕಡೆ ತಳ್ಳಿದಳು. "ನಾನೇ ಹೇಳ್ತೀನಿ, ಬರ್ಕೊಳ್ಳಿ. ಸೋಮವಾರ ಹನ್ನೆರಡೂವರೆಗೆ ಗೊತ್ತಾಯ್ತು. ಇವಳು ಎಲ್ಲರ ಮುಂದೆ ಬೀಳ್ಲಿ ಅಂತ ಕಾದೆ. ಕಾಯ್ತಾ ಇದ್ದಾಗ ಅವರ ಕಣ್ಣು ಸುಟ್ಟಿತು. ಅದರ ಕೆಳಗೆ ಎಷ್ಟು ಸಹಿ ಬೇಕೋ ಅಷ್ಟು ಹಾಕ್ತೀನಿ. ಇದರ ಕೆಳಗೆ ಒಂದೂ ಇಲ್ಲ."

ಚೂಟಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು. ಇರಲಿಲ್ಲ. ಆ ವಯಸ್ಸಿಗೆ ಅಷ್ಟು ಸಲೀಸಾಗಿ ಕ್ಷಮಿಸಲು ಇವಳಿಗೆ ಹೇಗೆ ಬಂತು ಎಂದು ಆಗಲೂ ಒಂದು ಸಣ್ಣ ಮುಳ್ಳು ಚುಚ್ಚಿತು.

ಫ್ಯಾನಿನ ಗಾಳಿಗೆ ಹಾಳೆ ಮೇಜಿನ ಮೇಲೆ ಮೆಲ್ಲಗೆ ಸರಿಯತೊಡಗಿತು.

"ಬೀಳ್ತಿದೆ, ಹಿಡ್ಕೋ ಅದನ್ನ," ಎಂದರು ದೊಡ್ಡವರು ಚೂಟಿಗೆ. "ನೀನೇ ಹಾಕು ಸಹಿ. ಇವರಿಗೆ ತಲೆ ಕೆಟ್ಟಿದೆ."

ಚೂಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಾಳೆ ಮೇಜಿನ ಅಂಚಿಗೆ ಬಂದು, ಒಂದು ಗಳಿಗೆ ಅರ್ಧ ಹೊರಗೆ ಅರ್ಧ ಒಳಗೆ ತೂಗಿತು.